ಬಳ್ಳಾರಿ ರಸ್ತೆಯ ಊರಭಿಮಾನಿ

ಉತ್ತರ ಬೆಂಗಳೂರಿನ ಊರಭಿಮಾನಿ ಮೇಖ್ರಿ ಸರ್ಕಲ್‌ನಿಂದ ಆಚೆ, ದೇವನಹಳ್ಳಿಯಿಂದ ಈಚೆ, ಬಳ್ಳಾರಿ ರಸ್ತೆಯ ಎರಡೂ ಮಗ್ಗುಲಲ್ಲಿ ಕಂಡುಬರುವ ಗೃಹಸ್ಥ. ಯಲಹಂಕ, ಹೆಬ್ಬಾಳ, ಆರ್.ಟಿ. ನಗರಗಳಲ್ಲಿ ದಟ್ಟವಾಗಿದ್ದಾನೆ; ಪಶ್ಚಿಮಕ್ಕೆ ಯಶವಂತಪುರದವರೆಗೂ ಹಬ್ಬಿದ್ದಾನೆ. ವಯಸ್ಸು ಸಾಮಾನ್ಯವಾಗಿ ನಲವತ್ತೈದು ದಾಟಿರುತ್ತದೆ. ನೌಕರಿಯ ನಿಮಿತ್ತ ಮುಂಬಯಿ, ದೆಹಲಿ, ಚೆನ್ನೈ, ಹೈದರಾಬಾದುಗಳ ಪೈಕಿ ಒಂದೆರಡರಲ್ಲಾದರೂ ಇದ್ದು ಬಂದಿರಬೇಕು. ಇದು ಅಗತ್ಯ ಲಕ್ಷಣ. ಊರು ಬಿಟ್ಟು ಕದಲದವರಲ್ಲಿ ಈ ಅಭಿಮಾನ ಮೊನಚಾಗುವುದಿಲ್ಲ. ಅವರು ಊರನ್ನು ಬೈದುಕೊಂಡು ನೆಮ್ಮದಿಯಾಗಿರುತ್ತಾರೆ. ಹೆಂಗಸರಲ್ಲೂ ಈ ಮಾದರಿ ಧಾರಾಳವಾಗಿದೆ, ಮತ್ತು ಅವರ ವಾದಕ್ಕೆ ತೂಕ ಹೆಚ್ಚು. ಬೇರೆ ಊರಿನ ನೀರಿನಲ್ಲಿ ಬೇಳೆ ಬೇಯಿಸಲು ಹೆಣಗಿದವರು ಅವರೇ ತಾನೆ.

ಅವನ ‘ನಮ್ಮೂರು’ ಎಷ್ಟು ದೊಡ್ಡದು ಎಂಬುದು ಅವನು ಎಲ್ಲಿ ನಿಂತಿದ್ದಾನೆ ಎಂಬುದರ ಮೇಲಿದೆ. ದೆಹಲಿಯಲ್ಲಿದ್ದಾಗ ಹುಬ್ಬಳ್ಳಿಯವರೂ ಮಂಗಳೂರಿನವರೂ ಅವನಿಗೆ ನಮ್ಮೂರಿನವರೇ. ಮುಂಬಯಿಗೆ ಬಂದರೆ ನಮ್ಮೂರು ಬೆಂಗಳೂರಿಗೆ ಇಳಿಯುತ್ತದೆ, ಮೆಜೆಸ್ಟಿಕ್‌ಗೆ ಬಂದರೆ ಯಲಹಂಕಕ್ಕೆ. ಯಲಹಂಕದೊಳಕ್ಕೆ ಕಾಲಿಟ್ಟ ಮೇಲೆ ಹಳೇ ಊರೋ, ಹೌಸಿಂಗ್ ಬೋರ್ಡಿನ ಮನೆಗಳ ನ್ಯೂ ಟೌನೋ ಎಂಬ ಪ್ರಶ್ನೆ ಏಳುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ಆ ಕಡೆಯವರು ಎನ್ನುತ್ತಾರೆ. ಹಳೇ ಊರಿನ ಹಿರಿಯರು ಬಸ್ ಹತ್ತುವಾಗ “ಬೆಂಗಳೂರಿಗೆ ಹೋಗಿ ಬರ್ತೀನಿ ಕಣಮ್ಮ” ಎಂದು ಇಂದಿಗೂ ಹೇಳಿ ಹೊರಡುವುದುಂಟು. 2007ರಲ್ಲಿ ಯಲಹಂಕ ನಗರಸಭೆಯನ್ನು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿಸಿದ ವಿಷಯ ಅವರ ಗಮನಕ್ಕೆ ಬಂದಿದೆ, ಒಪ್ಪಿಗೆಗೆ ಬಂದಿಲ್ಲ.

ಮಂಡಿ ಸಾಹುಕಾರನ ಖಾತೆ ಪುಸ್ತಕದ ಹಾಗೆ ಅವನ ಅಭಿಮಾನಕ್ಕೂ ಎರಡು ಪ್ರತಿಗಳಿವೆ. ಒಳಗಿನ ಖಾತೆಯಲ್ಲಿ ಟ್ರಾಫಿಕ್, ಗುಂಡಿ, ಬತ್ತಿದ ಬೋರ್‌ವೆಲ್, ಕಡಿದ ಮರಗಳ ಲೆಕ್ಕವಿದೆ. ಅದನ್ನು ಊರಿನವರೇ ಸೇರಿದಾಗ ಓದಬೇಕು. ಹೊರಗಿನ ಖಾತೆಯಲ್ಲಿ ಹವೆ, ಜನ, ಕಾಫಿ, ಚರಿತ್ರೆ ಇವಿಷ್ಟೇ ಇವೆ, ಎಲ್ಲವೂ ಜಮೆ. ಹೊರಗಿನವನೊಬ್ಬ ತಪ್ಪಿ ಒಳಗಿನ ಖಾತೆಯಿಂದ ಒಂದು ಸಾಲು ಓದಿದರೆ ಜಗಳ ನಿಶ್ಚಿತ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಇವನಿಗೆ ಅರ್ಧ ಮಾತ್ರ ಹೊಂದುತ್ತದೆ. ಅದು ಹೆಗ್ಗಣವೆಂದು ಅವನಿಗೆ ಚೆನ್ನಾಗಿ ಗೊತ್ತು. ಪಕ್ಕದ ಮನೆಯವರು ಹಾಗೆ ಹೇಳಬಾರದು, ಅಷ್ಟೆ.

ಹೊರಗಿನ ಖಾತೆ ಚರಿತ್ರೆಯಿಂದ ತೆರೆಯುತ್ತದೆ. ಕೆಂಪೇಗೌಡರು ಯಲಹಂಕ ನಾಡಪ್ರಭುಗಳು; 1537ರಲ್ಲಿ ಅವರು ಕಟ್ಟಿದ ಊರು ಬೆಂಗಳೂರು. ಇದರಿಂದ ಊರಭಿಮಾನಿ ಎಳೆಯುವ ತೀರ್ಮಾನವೆಂದರೆ, ಬೆಂಗಳೂರು ಯಲಹಂಕದವರು ಮಾಡಿದ ಮೊದಲ ಲೇಔಟ್. ವಾದದಲ್ಲಿ ಹುರುಳಿಲ್ಲದೆ ಇಲ್ಲ. ತೊಡಕೆಂದರೆ, ನಗರದ ನಾಲ್ಕು ದಿಕ್ಕಿಗೆ ಕೆಂಪೇಗೌಡರ ಹೆಸರಿನಲ್ಲಿ ನಾಲ್ಕು ಗೋಪುರಗಳಿವೆ, ಊರು ಇಷ್ಟರವರೆಗೆ ಬೆಳೆದೀತು ಎಂಬ ಗುರುತು ಅವು ಎಂಬ ಪ್ರತೀತಿಯೂ ಇದೆ, ಮತ್ತು ಉತ್ತರದ ಗೋಪುರ ನಿಂತಿರುವುದು ಮೇಖ್ರಿ ಸರ್ಕಲ್ ಹತ್ತಿರ. ಆ ಲೆಕ್ಕದಲ್ಲಿ ಹೆಬ್ಬಾಳವಾಗಲಿ ಆರ್.ಟಿ. ನಗರವಾಗಲಿ ಬೆಂಗಳೂರೇ ಅಲ್ಲ. ಯಲಹಂಕದವನಿಗೆ ಇದರಿಂದ ನೋವಿಲ್ಲ, ಅವನು ತವರಿನ ಕಡೆಯವನು. ಆರ್.ಟಿ. ನಗರದವನು ಮಾತ್ರ ಗೋಪುರದ ಪ್ರಸ್ತಾಪ ಬಂದಾಗ ಕಾಫಿ ತರಿಸುತ್ತಾನೆ.

2018ರ ಮೇಲೆ ಹೆಬ್ಬಾಳದವನ ಮಾತಿಗೆ ಹೊಸ ಬಲ ಬಂದಿದೆ. ಆ ವರ್ಷ ಅಲ್ಲಿ ಕಿತ್ತಯ್ಯನೆಂಬ ವೀರನ ಕಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750, ಬೆಂಗಳೂರಿನಲ್ಲಿ ಈವರೆಗೆ ದೊರೆತ ಕನ್ನಡ ಶಾಸನಗಳಲ್ಲೆಲ್ಲ ಹಳೆಯದು. ಅಲ್ಲಿಯವರೆಗೆ ಬಸವನಗುಡಿಯ ಬಂಧುಗಳೆದುರು ತಗ್ಗಿ ಮಾತಾಡಬೇಕಿತ್ತು. ಅವರಿಗೆ ವಿದ್ಯಾರ್ಥಿ ಭವನವಿದೆ, ಗಾಂಧಿ ಬಜಾರಿದೆ, ಸಾಹಿತಿಗಳು ನಡೆದಾಡಿದ ರಸ್ತೆಗಳಿವೆ. ಈಗ ಹೆಬ್ಬಾಳದವನು ಕೇಳುತ್ತಾನೆ: “ನಿಮ್ಮ ಬಸವನಗುಡಿ ಆದದ್ದು 1898ರ ಪ್ಲೇಗ್ ಕಾಲದಲ್ಲಿ ಅಲ್ವಾ ಭಾವ?” ಭಾವ ಬೇಗೂರಿನ ಶಾಸನವನ್ನು ಹಿಡಿದು ಬರುತ್ತಾನೆ, ಸುಮಾರು ಕ್ರಿ.ಶ. 900ರ ಆ ಕಲ್ಲಿನಲ್ಲಿ ‘ಬೆಂಗಳೂರು’ ಎಂಬ ಹೆಸರೇ ಇದೆ, ಬೇಗೂರು ದಕ್ಷಿಣಕ್ಕಿದೆ. ಒಂದೂವರೆ ಶತಮಾನದ ಅಂತರವನ್ನು ಹಿಡಿದು ಜಗ್ಗಾಟ ಊಟದ ಎಲೆ ಎತ್ತುವವರೆಗೂ ನಡೆಯುತ್ತದೆ. ಕಿತ್ತಯ್ಯ ನಾಡಿನ ಮೇಲೆ ಬಿದ್ದವರನ್ನು ಎದುರಿಸಿ ಮಡಿದನು. ಒಳನುಗ್ಗುವವರನ್ನು ಹೆಬ್ಬಾಳದಲ್ಲಿ ತಡೆದು ನಿಲ್ಲಿಸುವ ಕೆಲಸವನ್ನು 2003ರಿಂದ ಅಲ್ಲಿನ ಮೇಲ್ಸೇತುವೆ ಹೆಚ್ಚು ಪರಿಣಾಮಕಾರಿಯಾಗಿ ಮಾಡಿಕೊಂಡು ಬಂದಿದೆ. ಇದು ಒಳಗಿನ ಖಾತೆಯ ಮಾತು.

ಎರಡನೆಯ ಪುಟ ಹವೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಊರಭಿಮಾನಿ ಈ ಎತ್ತರವನ್ನು ತನ್ನ ಹಿರಿಯರ ದೂರದೃಷ್ಟಿ ಎಂದು ಭಾವಿಸುತ್ತಾನೆ. “ನಮ್ಮ ಮನೇಲಿ ಫ್ಯಾನೇ ಇರ್ಲಿಲ್ಲ ಸಾರ್” ಎಂಬುದು ಅವನ ಮೂಲಮಂತ್ರ. ಅದನ್ನು ಹೇಳುವಾಗ ತಲೆಯ ಮೇಲೆ ಫ್ಯಾನ್ ತಿರುಗುತ್ತಿರುತ್ತದೆ, ಗೋಡೆಯ ಮೇಲೆ ಏಸಿ ಇರುತ್ತದೆ. ಏಸಿ ಮೊಮ್ಮಗುವಿಗಾಗಿ, ಮೊಮ್ಮಗು ಇರುವುದು ನ್ಯೂಜೆರ್ಸಿಯಲ್ಲಿ. 1884ರ ಜನವರಿಯಲ್ಲಿ ನಗರದ ಉಷ್ಣತೆ 7.8 ಡಿಗ್ರಿಗೆ ಇಳಿದಿತ್ತು. ಆ ದಾಖಲೆಯನ್ನು ಅವನು ತಾನೇ ಕಂಬಳಿ ಹೊದ್ದು ಕೂತು ಅಳೆದವನಂತೆ ಹೇಳುತ್ತಾನೆ. 2016ರ ಏಪ್ರಿಲ್‌ನಲ್ಲಿ ಹವಾಮಾನ ಇಲಾಖೆಯ ಮಾಪಕ 39.2 ಮುಟ್ಟಿದ್ದನ್ನು ಮಾತ್ರ ಒಪ್ಪುವುದಿಲ್ಲ. ಅದು ಸಿಟಿಯ ಕಡೆ, ಯಲಹಂಕದಲ್ಲಿ ಎರಡು ಡಿಗ್ರಿ ಕಡಿಮೆ ಇರುತ್ತದೆ, ನಂದಿ ಬೆಟ್ಟದ ಗಾಳಿ ನೇರ ನಮಗೇ ಬರುತ್ತದೆ ಎನ್ನುತ್ತಾನೆ. ನಂದಿ ಬೆಟ್ಟದಿಂದ ಹೊರಟ ಗಾಳಿ ನಡುವಿನ ಟೋಲ್‌ಗೇಟನ್ನೂ ಅಪಾರ್ಟ್‌ಮೆಂಟುಗಳನ್ನೂ ದಾಟಿ ಬರುವ ಬಗೆಯನ್ನು ಅವನು ವಿವರಿಸುವುದಿಲ್ಲ. ಡಿಸೆಂಬರ್ ಬಂತೆಂದರೆ ಬೆಳಗಿನ ವಾಕಿಂಗಿಗೆ ಮಂಕಿ ಕ್ಯಾಪ್ ಹೊರಬರುತ್ತದೆ. ಚಳಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ಡಿಸೆಂಬರಿನಲ್ಲೇ ಅವರೆಕಾಯಿಯೂ ಬರುತ್ತದೆ, ಅದರೊಡನೆ ಅಭಿಮಾನದ ಹೊಸ ಫಸಲೂ. ಹೆಬ್ಬಾಳದಲ್ಲಿ 1899ರಲ್ಲಿ ಮಹಾರಾಣಿಯವರು ಕೊಟ್ಟ ಜಮೀನಿನಲ್ಲಿ ಶುರುವಾದ ಕೃಷಿ ಪ್ರಯೋಗ ಮುಂದೆ ಬೆಳೆದು 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯವಾಯಿತು. ಆ ವಿಶ್ವವಿದ್ಯಾನಿಲಯದ ಅವರೆ ತಳಿಗಳಿಗೆ ‘ಹೆಬ್ಬಾಳ ಅವರೆ’ ಎಂದೇ ಹೆಸರು. ತರಕಾರಿಯ ಮೇಲೆ ಬಡಾವಣೆಯ ಹೆಸರಿರುವ ಭಾಗ್ಯ ಜಯನಗರಕ್ಕಿಲ್ಲ. ಮುಂಬಯಿಯ ಮಾರುಕಟ್ಟೆಯಲ್ಲಿ ಪಾಪ್ಡಿಯನ್ನು ತೋರಿಸಿ “ಇದೂ ಅವರೆನೇ” ಎಂದ ಗೆಳೆಯರ ಜೊತೆ ಊರಭಿಮಾನಿ ಮಾತು ಬಿಟ್ಟದ್ದುಂಟು. ಸೊಗಡಿಲ್ಲದ ಅವರೆ ಅವನ ಲೆಕ್ಕದಲ್ಲಿ ಬರಿಯ ಹಸಿರು ಬಣ್ಣ. ಹೊರ ಊರಿನಲ್ಲಿರುವ ಮಗನಿಗೆ ಅಮ್ಮ ರಾತ್ರಿಯೆಲ್ಲ ಕೂತು ಹಿತಕಿದ ಬೇಳೆಯನ್ನು ಫ್ರೀಜರಿನಲ್ಲಿಟ್ಟು, ಪೇಪರಿನಲ್ಲಿ ಸುತ್ತಿ, ಸೂಟ್‌ಕೇಸಿನ ನಡುವೆ ಹುಗಿದು ಕಳಿಸುತ್ತಾಳೆ. ವಿಮಾನದಲ್ಲಿ ಅದು ಕರಗಿ ಷರಟಿಗೆ ಅಂಟುತ್ತದೆ. ಆ ಷರಟು ಹಾಕಿಕೊಂಡು ಆಫೀಸಿಗೆ ಹೋದ ದಿನ ಅವನಿಗೆ ಊರಿನ ನೆನಪು ಬಹಳ ಬರುತ್ತದೆಂದು ಹೇಳುತ್ತಾರೆ.

ಬೇರೆ ಊರುಗಳಲ್ಲಿ ಅವನ ನಡವಳಿಕೆ ಹೀಗಿರುತ್ತದೆ. ಮುಂಬಯಿಗೆ ಹೋದ ಮೊದಲ ತಿಂಗಳಲ್ಲೇ ಮಾಟುಂಗದ ದಾರಿ ಕಲಿಯುತ್ತಾನೆ. ಅಲ್ಲಿ 1926ರಿಂದ ಇರುವ ಮೈಸೂರು ಅಸೋಸಿಯೇಷನ್‌ನಲ್ಲಿ ನಾಟಕ ನೋಡುತ್ತಾನೆ, ಉಡುಪಿಯವರ ಹೋಟೆಲಿನಲ್ಲಿ ಊಟ ಮಾಡುತ್ತಾನೆ, ಊಟವಾದ ಮೇಲೆ ನಮ್ಮ ಕಡೆಯ ರುಚಿ ಇಲ್ಲ ಎನ್ನುತ್ತಾನೆ. ಆಟೊ ಮೀಟರಿನ ಮೇಲೆ ಓಡುತ್ತದೆ, ಚಾಲಕ ಚಿಲ್ಲರೆ ವಾಪಸು ಕೊಡುತ್ತಾನೆ; ಇದು ಅವನನ್ನು ಕೆಲದಿನ ಅಸ್ವಸ್ಥಗೊಳಿಸುತ್ತದೆ. “ಮೀಟರ್ ಮೇಲೆ ಇಪ್ಪತ್ತು ಕೊಡಿ ಸಾರ್” ಎಂಬ ಮಾತಿಲ್ಲದೆ ಅವನಿಗೆ ಸಂಜೆ ಕಳೆಯುವುದಿಲ್ಲ. ಕಟಿಂಗ್ ಚಹಾ ಕೊಟ್ಟರೆ ಬೈಟು ಕಾಫಿಯ ಎದುರು ಅದು ಏನೂ ಅಲ್ಲವೆಂದು ವಾದಿಸುತ್ತಾನೆ: ಕಟಿಂಗನ್ನು ಒಬ್ಬನೇ ಕುಡಿಯಬಹುದು, ಬೈಟುವಿಗೆ ಒಬ್ಬ ಜೊತೆಗಾರ ಬೇಕು, ಆದ್ದರಿಂದ ಬೆಂಗಳೂರಿನಲ್ಲಿ ಸ್ನೇಹ ಹೆಚ್ಚು. ಮುಂಬಯಿಯವರಿಗೆ ಇದನ್ನು ಕೇಳುವಷ್ಟು ಹೊತ್ತು ಇರುವುದಿಲ್ಲ. ಅದನ್ನೂ ತನ್ನ ವಾದಕ್ಕೆ ಸಾಕ್ಷಿಯಾಗಿ ಬರೆದಿಟ್ಟುಕೊಳ್ಳುತ್ತಾನೆ.

ಯಲಹಂಕದವನಿಗೆ ರೈಲಿನಲ್ಲಿ ಒಂದು ವಿಶೇಷ ಹಕ್ಕಿದೆ. 1984ರಿಂದ ಅವನ ಊರಿನಲ್ಲಿ ರೈಲು ಗಾಲಿ ಕಾರ್ಖಾನೆ ನಡೆಯುತ್ತಿದೆ, ದೇಶದ ರೈಲುಗಳಿಗೆ ಗಾಲಿಯನ್ನೂ ಅಚ್ಚನ್ನೂ ಮಾಡಿ ಕೊಡುತ್ತಿದೆ. ಗಾಲಿಗಳು ಬೇರೆ ಕಡೆಯಿಂದಲೂ ಬರುತ್ತವೆ ಎಂಬುದು ಅವನಿಗೆ ಮುಖ್ಯವಲ್ಲ. ಕಾನ್ಪುರವಿರಲಿ, ಖರಗಪುರವಿರಲಿ, ರೈಲು ಸರಾಗವಾಗಿ ಓಡುತ್ತಿದ್ದರೆ ಎದುರು ಕೂತವರಿಗೆ “ಕೆಳಗಿರೋದು ನಮ್ಮೂರಿಂದು” ಎಂದು ತಿಳಿಸುತ್ತಾನೆ. ರೈಲು ನಿಂತರೆ ಅದು ಸಿಗ್ನಲಿನ ತಪ್ಪು. ಯಶವಂತಪುರದವನ ಹಕ್ಕು ಸ್ನಾನದ ಮನೆಯಲ್ಲಿದೆ. ಶ್ರೀಗಂಧದ ಸೋಪಿನ ಕಾರ್ಖಾನೆ ಅವನ ಮಗ್ಗುಲಲ್ಲಿದೆ, 2014ರಿಂದ ಅದೇ ಹೆಸರಿನ ಮೆಟ್ರೊ ನಿಲ್ದಾಣವೂ ಇದೆ. ಸೋಪಿನ ಮೇಲಿನ ಹೆಸರು ಮಾತ್ರ ಮೈಸೂರಿನ ಪಾಲಾಗಿದೆ. ಈ ಅನ್ಯಾಯವನ್ನು ಅವನು ಹೊರ ಊರಿನ ಹೋಟೆಲ್ ರೂಮುಗಳಲ್ಲೂ ಮರೆಯುವುದಿಲ್ಲ. ಎಲ್ಲೇ ಇರಲಿ, ಈರುಳ್ಳಿಯ ಧಾರಣೆಯನ್ನು ತನ್ನೂರಿನ ಮಾರುಕಟ್ಟೆ ಯಾರ್ಡಿನ ಬಾಯಿಂದಲೇ ಕೇಳಿ ನಂಬುತ್ತಾನೆ. ಆರ್.ಟಿ. ನಗರದವನಿಗೆ ಕೋಲ್ಕತ್ತದಲ್ಲಿ ಮಾತ್ರ ಕಾಲರ್ ಏರುತ್ತದೆ. “ನಮ್ಮ ಬಡಾವಣೆಗೆ ನಿಮ್ಮ ರವೀಂದ್ರನಾಥ ಟಾಗೋರರದ್ದೇ ಹೆಸರು” ಎನ್ನುತ್ತಾನೆ. ಅಲ್ಲಿಯವರು ಸಂತೋಷದಿಂದ ಪೂರ್ತಿ ಹೆಸರು ಹೇಗೆ ಕರೆಯುತ್ತೀರಿ ಎಂದು ಕೇಳಿದಾಗ ಮಾತು ಬೇರೆ ಕಡೆ ತಿರುಗುತ್ತದೆ.

ದೆಹಲಿಯಲ್ಲಿ ಅವನಿಗೆ ಎರಡು ಕಷ್ಟ. ಒಂದು, ಅಲ್ಲಿ ಚಳಿ ನಿಜವಾಗಿಯೂ ಇದೆ. ಎರಡು, 2002ರಿಂದ ಮೆಟ್ರೊ ಇದೆ, ಅದು ಊರನ್ನೆಲ್ಲ ಸುತ್ತುತ್ತದೆ. ಚಳಿಯನ್ನು “ಇದು ಹವೆಯಲ್ಲ, ಶಿಕ್ಷೆ” ಎಂದು ತಳ್ಳಿಹಾಕಬಹುದು. ಮೆಟ್ರೊಗೆ ಉತ್ತರವಾಗಿ ಅವನ ಬಳಿ ಇರುವುದು “ನಮ್ಮಲ್ಲೂ ಬರ್ತಾ ಇದೆ” ಎಂಬ ವಾಕ್ಯ. ಇದು ಈ ಮಾದರಿಯ ವ್ಯಕ್ತಿಯ ಅತ್ಯಂತ ಬಾಳಿಕೆಯ ವಾಕ್ಯ. ಹೆಬ್ಬಾಳ, ಯಲಹಂಕದ ಮೇಲೆ ವಿಮಾನ ನಿಲ್ದಾಣಕ್ಕೆ ಹೋಗುವ ನೀಲಿ ಮಾರ್ಗದ ಕಂಬಗಳು ಬಂದಾಗಿವೆ. ಉಪನಗರ ರೈಲಿಗೆ 2022ರ ಜೂನಿನಲ್ಲಿ ಶಂಕುಸ್ಥಾಪನೆಯಾಯಿತು. ಯಲಹಂಕದ ಮೇಲೆ ದೇವನಹಳ್ಳಿಗೆ ಹೋಗುವ ಮಾರ್ಗಕ್ಕೆ ಸಂಪಿಗೆ, ಹೆಬ್ಬಾಳದ ಮೇಲಿನದಕ್ಕೆ ಮಲ್ಲಿಗೆ, ಇನ್ನೆರಡಕ್ಕೆ ಪಾರಿಜಾತ, ಕನಕ ಎಂದು ಹೆಸರಿಟ್ಟರು. ರೈಲಿಗೆ ಮೊದಲು ಹೂವಿನ ಹೆಸರು ಬಂದಿರುವುದನ್ನು ಅವನು ದೆಹಲಿಯವರಿಗೆ ಸಂಸ್ಕೃತಿಯ ವ್ಯತ್ಯಾಸವಾಗಿ ತೋರಿಸುತ್ತಾನೆ.

ಚೆನ್ನೈಯ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಅಲ್ಲಿ ಕಾಫಿ ಚೆನ್ನಾಗಿದೆ, ಅದು ಅವನಿಗೆ ಗೊತ್ತು, ಆದ್ದರಿಂದ ಸಾಂಬಾರಿಗೆ ಬೆಲ್ಲ ಹಾಕಿಲ್ಲವೆಂದು ತಕರಾರು ತೆಗೆಯುತ್ತಾನೆ. ಹೈದರಾಬಾದು ಕಷ್ಟದ ಊರು. ಅಲ್ಲಿ 158 ಕಿ.ಮೀ. ಉದ್ದದ ಹೊರವರ್ತುಲ ರಸ್ತೆ ಊರನ್ನು ಪೂರ್ತಿ ಸುತ್ತಿ ಮತ್ತೆ ಹೊರಟಲ್ಲಿಗೇ ಬಂದು ಸೇರುತ್ತದೆ. ಬೆಂಗಳೂರಿನ ಪೆರಿಫೆರಲ್ ರಿಂಗ್ ರಸ್ತೆ ಇಪ್ಪತ್ತು ವರ್ಷದಿಂದ ನಕ್ಷೆಯ ಮೇಲೇ ಸುತ್ತುತ್ತಿದೆ. ಹೈದರಾಬಾದಿನ ಆ ರಸ್ತೆಯಲ್ಲಿ ಕಾರಿನಲ್ಲಿ ಕೂತು ಹೋಗುವಾಗ ಊರಭಿಮಾನಿ ಬಹಳ ಹೊತ್ತು ಮೌನವಾಗಿರುತ್ತಾನೆ. ಕೊನೆಗೆ ಕಿಟಕಿ ಇಳಿಸಿ, ಬಿಸಿ ಗಾಳಿ ಮುಖಕ್ಕೆ ಹೊಡೆದ ಮೇಲೆ, “ರಸ್ತೆ ಏನೋ ಇದೆ” ಎಂದು ಜೀವ ಬಂದವನಂತೆ ಮಾತು ಶುರುಮಾಡುತ್ತಾನೆ.

ಊರಿಗೆ ಮರಳುವ ಕ್ರಮವನ್ನೂ ಗಮನಿಸಬೇಕು. ಮುಂಬಯಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಬರುವವನು ಗೌರಿಬಿದನೂರು ದಾಟಿದೊಡನೆ ಚಪ್ಪಲಿ ಹುಡುಕುತ್ತಾನೆ. ಮಾಕಳಿದುರ್ಗದ ಬೆಟ್ಟ ಕಂಡಾಗ ಹಾಸಿಗೆ ಕಟ್ಟಾಗಿರುತ್ತದೆ. ದೊಡ್ಡಬಳ್ಳಾಪುರಕ್ಕೆ ಸಾಮಾನು ಸಮೇತ ಬಾಗಿಲಲ್ಲಿ ನಿಂತಿರುತ್ತಾನೆ. ಇನ್ನೂ ರಾಜಾನುಕುಂಟೆ ಇದೆ ಎಂದರೆ ಕೇಳುವುದಿಲ್ಲ. “ಗಾಳಿ ನೋಡಿ ಸಾರ್, ಗಾಳಿ” ಎಂದು ಹಿಂದೆ ನಿಂತವರಿಗೆ ಹೇಳುತ್ತಾನೆ. ಹಿಂದೆ ನಿಂತವರಿಗೆ ಗಾಳಿ ತಗಲುವುದಿಲ್ಲ, ಅವನೇ ಬಾಗಿಲು ಪೂರ್ತಿ ತುಂಬಿಕೊಂಡಿರುತ್ತಾನೆ. ಯಲಹಂಕದಲ್ಲಿ ಇಳಿದು ಮೊದಲು ಮಾಡುವ ಕೆಲಸ ಆಟೊದವನ ಜೊತೆ ಜಗಳ. ಆ ಕ್ಷಣದಿಂದ ಹೊರಗಿನ ಖಾತೆ ಮುಚ್ಚುತ್ತದೆ.

ವಿಮಾನ ನಿಲ್ದಾಣ ಅವನ ಬದುಕಿನ ದೊಡ್ಡ ತಿರುವು. 2008ರ ಮೇ 24ರಂದು ದೇವನಹಳ್ಳಿಯ ನಿಲ್ದಾಣ ತೆರೆಯುವವರೆಗೆ ಅವನ ಮನೆ ದೂರದಲ್ಲಿತ್ತು. ಮದುವೆಯ ಕರೆಯೋಲೆ ಕೊಡಲು ಬರುವವರೂ “ಆ ಕಡೆ ಬಂದಾಗ ಕೊಡ್ತೀವಿ” ಎಂದು ಅಂಚೆಗೆ ಹಾಕುತ್ತಿದ್ದರು. ಒಂದೇ ರಾತ್ರಿಯಲ್ಲಿ ಮನೆ ಎಲ್ಲರಿಗೂ ಹತ್ತಿರವಾಯಿತು. “ಏರ್‌ಪೋರ್ಟ್ ನಮಗೆ ಇಪ್ಪತ್ತೇ ನಿಮಿಷ” ಎಂದು ಅವನು ಹೆಮ್ಮೆಪಟ್ಟ ವಾರದಲ್ಲೇ ಬನಶಂಕರಿಯ ಷಡ್ಡಕ ನಸುಕಿನ ವಿಮಾನ ಹಿಡಿಯಲು ಹಿಂದಿನ ರಾತ್ರಿಯೇ ಬಂದು ಮಲಗಿದ. ಆಮೇಲೆ ಜಯನಗರದ ಅತ್ತಿಗೆ, ಅತ್ತಿಗೆಯ ತಮ್ಮ, ತಮ್ಮನ ಆಫೀಸಿನವರು. ಕಾರನ್ನು ಗೇಟಿನ ಮುಂದೆ ಬಿಟ್ಟು ಹದಿನೈದು ದಿನ ಸಿಂಗಪುರಕ್ಕೆ ಹೋಗಿ ಬರುವವರೂ ಇದ್ದಾರೆ. ಅವರು ಬೀಗದ ಕೈಯನ್ನೂ ಜೊತೆಗೆ ಒಯ್ಯುತ್ತಾರೆ. ರಾತ್ರಿ ಎರಡೂವರೆಗೆ ಎದ್ದು ಕಾಫಿ ಕಾಯಿಸುವ ಮನೆಯಾಕೆಗೆ ವಿಮಾನಗಳ ವೇಳಾಪಟ್ಟಿ ಬಾಯಿಪಾಠವಾಗಿದೆ. ಇಷ್ಟಾದರೂ ಯಾರಾದರೂ ಏರ್‌ಪೋರ್ಟ್ ದೂರ ಎಂದರೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ತಿದ್ದುತ್ತಾರೆ.

ಎರಡು ವರ್ಷಕ್ಕೊಮ್ಮೆ ಫೆಬ್ರುವರಿಯಲ್ಲಿ ಇದೇ ಬಂಧುಗಳು ಹಗಲು ಹೊತ್ತು ಬರುತ್ತಾರೆ. 1996ರಿಂದ ಯಲಹಂಕದ ವಾಯುನೆಲೆಯಲ್ಲಿ ನಡೆಯುವ ಏರೋ ಇಂಡಿಯಾ ಪ್ರದರ್ಶನವನ್ನು ಲೋಕವೆಲ್ಲ ಟಿಕೆಟ್ ಕೊಂಡು ನೋಡಿದರೆ ಯಲಹಂಕದವನು ತಾರಸಿಯ ಮೇಲೆ ಸಂಡಿಗೆಗೆ ಕಾಗೆ ಕಾಯುತ್ತ ನೋಡುತ್ತಾನೆ. ಸೂರ್ಯಕಿರಣ ತಂಡದ ವಿಮಾನಗಳು ತಲೆಯ ಮೇಲೆ ಪಲ್ಟಿ ಹೊಡೆಯುವಾಗ ನಾಯಿ ಮಂಚದ ಕೆಳಗೆ, ಶಾಲೆಗೆ ಚಕ್ಕರ್ ಹೊಡೆದ ಮಕ್ಕಳು ನೀರಿನ ಟ್ಯಾಂಕಿನ ಮೇಲೆ. ತೇಜಸ್ ಯಾವುದು ಸುಖೋಯ್ ಯಾವುದು ಎಂದು ಸದ್ದಿನಲ್ಲೇ ಹೇಳುವ ಅಜ್ಜಿಯರು ಈ ಭಾಗದಲ್ಲಿದ್ದಾರೆ. ಬಂಧುಗಳಿಗೆ ಬೇಸರವಾಗುವುದು ಊಟದ ಹೊತ್ತಿಗೆ. ಮಾಂಸದ ತ್ಯಾಜ್ಯಕ್ಕೆ ಹದ್ದುಗಳು ಮುತ್ತಿ ವಿಮಾನಕ್ಕೆ ಬಡಿಯಬಾರದೆಂದು ಪಾಲಿಕೆ ಆ ದಿನಗಳಲ್ಲಿ ಮಾಂಸದ ಮಾರಾಟವನ್ನೇ ನಿಲ್ಲಿಸುತ್ತದೆ. 2023ರಲ್ಲಿ ವಾಯುನೆಲೆಯ ಸುತ್ತ 10 ಕಿ.ಮೀ.ವರೆಗಿದ್ದ ನಿಷೇಧ 2025ರಲ್ಲಿ 13 ಕಿ.ಮೀ.ಗೆ ಬೆಳೆಯಿತು. ನಾಟಿ ಕೋಳಿ ಸಾರಿನ ಆಸೆಯಿಂದ ಬಂದ ಭಾವಮೈದ ಸೊಪ್ಪಿನ ಸಾರು ಸುರಿದುಕೊಂಡು ಮುದ್ದೆ ನುಂಗುತ್ತಾನೆ. ದೇಶದ ರಕ್ಷಣೆಗಾಗಿ ಕೋಳಿ ಬಿಟ್ಟ ಊರು ಇನ್ನಾವುದಿದೆ ಎಂದು ಊರಭಿಮಾನಿ ಇನ್ನೊಂದು ಸೌಟು ಸಾರು ಬಡಿಸುತ್ತಾನೆ.

ಊಟದ ನಂತರ ಸೈಟಿನ ಕಥೆ. ಉತ್ತರ ಬೆಂಗಳೂರಿನ ಪ್ರತಿ ಕುಟುಂಬಕ್ಕೂ ಕೈತಪ್ಪಿದ ಒಂದು ಸೈಟು ಇದೆ. ಜಕ್ಕೂರಿನಲ್ಲೋ, ಕೋಗಿಲುವಿನಲ್ಲೋ, ಬಾಗಲೂರು ಕ್ರಾಸಿನಲ್ಲೋ ಯಾರೋ ಬಲವಂತ ಮಾಡಿ ಕೊಡಲು ಬಂದಿದ್ದರು. “ನರಿ ಊಳಿಡೋ ಜಾಗ, ಯಾರು ಹೋಗಿ ಇರ್ತಾರೆ ಅಲ್ಲಿ” ಎಂದು ಅಪ್ಪ ಬೇಡವೆಂದರು. ಅಂದಿನ ಬೆಲೆ ಹೇಳಿದಂತೆಲ್ಲ ಇಳಿಯುತ್ತದೆ, ಇಂದಿನ ಬೆಲೆ ಏರುತ್ತದೆ, ಸೈಟು ಮುಖ್ಯರಸ್ತೆಯ ಕಡೆಗೆ ಒಂದೊಂದು ಅಡಿ ಸರಿಯುತ್ತದೆ. ಈಗ ಅದು ಮೂಲೆ ಸೈಟು. ಅಪ್ಪನ ತಿಥಿಯ ದಿನವೂ ಈ ಪ್ರಸ್ತಾಪ ಬರದೆ ಹೋಗುವುದಿಲ್ಲ. ಆ ದುಡ್ಡನ್ನು ಅಪ್ಪ ಎಲ್ಲಿ ಹಾಕಿದರೆಂದು ವಿಚಾರಿಸಿದರೆ ಮಗನ ಕಾಲೇಜಿನ ಫೀಜು ಎಂಬ ಉತ್ತರ ಸಿಗಬಹುದು, ಆದ್ದರಿಂದ ಯಾರೂ ವಿಚಾರಿಸುವುದಿಲ್ಲ.

ಈಚೆಗೆ ಈ ಮಾದರಿಯ ಹೊಸ ಕವಲೊಂದು ಒಡೆದಿದೆ. ಲಖನೌದಿಂದಲೋ ಭುವನೇಶ್ವರದಿಂದಲೋ ಬಂದು ಥಣಿಸಂದ್ರ, ಜಕ್ಕೂರುಗಳಲ್ಲಿ ಬಾಡಿಗೆಗಿರುವ ಸಾಫ್ಟ್‌ವೇರಿನ ಹುಡುಗರು ಐದಾರು ವರ್ಷದಲ್ಲಿ ಊರಭಿಮಾನಿಗಳಾಗುತ್ತಿದ್ದಾರೆ. ಲಕ್ಷಣಗಳು ಕ್ರಮವಾಗಿ ಕಾಣಿಸುತ್ತವೆ. ಮೊದಲು ಮೇ ತಿಂಗಳಲ್ಲಿ ತವರಿಗೆ ಹೋಗಿ ಬೇಗ ಮರಳುವುದು, ಬಳಿಕ ಫೋನಿನಲ್ಲಿ “ಮಳೆ ಬಂತಾ ಅಂಕಲ್” ಎಂದು ಕೇಳುವುದು, ಕೊನೆಗೆ ಹೊಸದಾಗಿ ಬಂದವರ ಮುಂದೆ “ನಾನು ಬಂದಾಗ ಇಷ್ಟು ಟ್ರಾಫಿಕ್ ಇರ್ಲಿಲ್ಲ” ಎಂದು ನಿಟ್ಟುಸಿರುಬಿಡುವುದು. ಹಳಬರು ಇವರ ಯೋಗ್ಯತೆಯನ್ನು ಸುಲಭವಾಗಿ ಒಪ್ಪುವುದಿಲ್ಲ. ಬಳ್ಳಾರಿ ರಸ್ತೆಯ ಸಾಲುಮರಗಳನ್ನು ಕಂಡವರು ಮೊದಲ ದರ್ಜೆ, 2003ಕ್ಕೆ ಮುಂಚೆ ಮೇಲ್ಸೇತುವೆಯಿಲ್ಲದ ಹೆಬ್ಬಾಳವನ್ನು ಕಂಡವರು ಎರಡನೆಯದು, ವಿಮಾನ ನಿಲ್ದಾಣಕ್ಕೆ ಮುಂಚಿನವರು ಮೂರನೆಯದು; ಉಳಿದವರು ಅರ್ಜಿ ಹಾಕಿ ಕಾಯಬೇಕು. ಆದರೂ ಗುರುಗ್ರಾಮದಿಂದ ಬಂದ ಗೆಳೆಯ ಬೆಂಗಳೂರನ್ನು ಹಳಿದಾಗ ಈ ಹುಡುಗ ಹಿಂದಿಯಲ್ಲೇ ಅವನ ಬಾಯಿ ಮುಚ್ಚಿಸುವುದನ್ನು ಮನೆಯ ಮಾಲೀಕ ಕಾಂಪೌಂಡಿನ ಈಚೆ ನಿಂತು ಮೆಚ್ಚಿ ಕೇಳುತ್ತಾನೆ.

ಹನ್ನೊಂದು ತಿಂಗಳ ಕರಾರು ಮುಗಿದಾಗ ಬಾಡಿಗೆ ಏರಿಸುವ ಮಾತು ಬರುತ್ತದೆ. ಮಾಲೀಕ ಹತ್ತು ಪರ್ಸೆಂಟ್ ಕೇಳಿ, ಹವೆ, ಏರ್‌ಪೋರ್ಟ್, ಬರಲಿರುವ ಮೆಟ್ರೊ ಎಂದು ಹೊರಗಿನ ಖಾತೆಯನ್ನು ಓದುತ್ತಾನೆ. ಹುಡುಗ ಹೆಬ್ಬಾಳದ ಟ್ರಾಫಿಕ್, ಟ್ಯಾಂಕರ್ ನೀರು, ಇನ್ನೂ ಬಾರದ ಮೆಟ್ರೊ ಎಂದು ಒಳಗಿನ ಖಾತೆಯನ್ನು ಒಂದಕ್ಷರ ಬಿಡದೆ ಒಪ್ಪಿಸುತ್ತಾನೆ. ಐದು ಪರ್ಸೆಂಟಿಗೆ ತೀರ್ಮಾನವಾಗುತ್ತದೆ.